ಇಬ್ಬರಿಗೂ ಮೈನಸ್ ನಂಬರ್, ಈಗ ಮಗಳಿಗೂ ಬಂತು. ಇದು ಯಾರ ಕಡೆಯಿಂದ?

ಘಟಪ್ರಭಾ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾವು ನವನಗರದಲ್ಲಿ ಇರುತ್ತೇವೆ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸ್. ಬೋರ್ಡ್ ಮೇಲೆ ಬರೆದದ್ದು ಕಾಣುತ್ತಿಲ್ಲ ಅಂತ ಶಾಲೆಯಿಂದ ಹೇಳಿ ಕಳಿಸಿದರು. ತೋರಿಸಿದಾಗ ಎರಡೂ ಕಣ್ಣಿಗೆ ಮೈನಸ್ 1.25 ಬಂತು. ನನಗೆ ಮೈನಸ್ 4.5, ನಮ್ಮ ಮನೆಯವರಿಗೆ ಮೈನಸ್ 3.

ಅವತ್ತಿನಿಂದ ಮನೆಯಲ್ಲಿ ಇದೇ ಮಾತು. "ನಮ್ಮ ಮನೆತನದಲ್ಲಿ ಯಾರಿಗೂ ಚಸ್ಮಾ ಇರಲಿಲ್ಲ, ಇದು ನಿನ್ನ ತವರಿನಿಂದ ಬಂದದ್ದು" ಅಂತ ಅತ್ತೆ ಹೇಳುತ್ತಾರೆ. ಅವರ ಮಗನಿಗೂ ಚಸ್ಮಾ ಇದೆಯಲ್ಲ ಅಂದರೆ, ಅದು ಕಂಪ್ಯೂಟರ್ ನೋಡಿ ನೋಡಿ ಆದದ್ದಂತೆ. ಮಗಳು ಇದನ್ನೆಲ್ಲ ಕೇಳಿಸಿಕೊಂಡು ಚಸ್ಮಾ ಬಚ್ಚಿಡುತ್ತಿದ್ದಾಳೆ.

ಇದು ನಿಜವಾಗಿ ವಂಶದಿಂದಲೇ ಬರುತ್ತದೆಯೇ? ತಾಯಿಯಿಂದ ಜಾಸ್ತಿ ಬರುತ್ತದೆಯೇ? ಮಗ ಆರು ವರ್ಷದವನು, ಈಗಷ್ಟೇ ಒಂದನೇ ಕ್ಲಾಸ್. ಅವನಿಗೂ ಬರುವುದು ಖಂಡಿತ ಅಂತ ತಿಳಿದುಕೊಳ್ಳಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಜೋಳದ ರೊಟ್ಟಿ, ಮುಧೋಳ

ಅಕ್ಕಾ, ದಿನಾ ಗಜ್ಜರಿ ಕೊಡಿ, ನುಗ್ಗೆ ಸೊಪ್ಪು ಕೊಡಿ. ಇಷ್ಟು ಸಣ್ಣ ವಯಸ್ಸಿಗೆ ಚಸ್ಮಾ ಹಚ್ಚಬೇಡಿ. ಒಮ್ಮೆ ಹಚ್ಚಿದರೆ ಬಿಡುವುದಿಲ್ಲ, ನಂಬರ್ ಏರುತ್ತಲೇ ಹೋಗುತ್ತದೆ. ಹಾಕಲೇಬೇಕು ಅಂದರೆ ಸ್ವಲ್ಪ ಕಡಿಮೆ ನಂಬರಿನದು ಹಾಕಿಸಿ. ನಮ್ಮ ಅಣ್ಣನ ಮಕ್ಕಳಿಗೆ ಹಾಗೇ ಮಾಡಿದ್ದಾರೆ.

ಕಣ್ಣಿನ ಪರೀಕ್ಷಕಿ, ಬೆಳಗಾವಿ

ನಾನು ಆಪ್ಟೋಮೆಟ್ರಿ ಓದಿ ಇದೇ ಕೆಲಸ ಮಾಡುತ್ತಿದ್ದೇನೆ. ಮುಧೋಳದ ಅಣ್ಣಾವ್ರು ಕಾಳಜಿಯಿಂದ ಹೇಳಿದ್ದಾರೆ, ಆದರೆ ಈ ಸಲಹೆ ಮಗುವಿಗೆ ನಷ್ಟ ಮಾಡುತ್ತದೆ.

ಗಜ್ಜರಿ, ಸೊಪ್ಪು ಕೊಡಿ, ಒಳ್ಳೆಯದೇ. ಎ ವಿಟಮಿನ್ ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಮೈನಸ್ ನಂಬರ್ ಬೇರೆ ವಿಷಯ. ಅಲ್ಲಿ ಕಣ್ಣಿನ ಗುಡ್ಡೆಯೇ ಹಿಂದಕ್ಕೆ ಉದ್ದ ಬೆಳೆದಿರುತ್ತದೆ. ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂದಿನ ಪರದೆಯಾದ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಹುಟ್ಟಿದಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾದಾಗ ಸುಮಾರು 24. ಬೇಕಾದ್ದಕ್ಕಿಂತ ಒಂದೇ ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೂ ಎರಡೂವರೆಯಿಂದ ಮೂರು ನಂಬರ್ ಬಂದುಬಿಡುತ್ತದೆ. ಬೆಳೆದ ಉದ್ದ ಯಾವ ತರಕಾರಿಯಿಂದಲೂ ಕಡಿಮೆ ಆಗುವುದಿಲ್ಲ.

ಕಡಿಮೆ ನಂಬರ್ ಹಾಕುವುದನ್ನು ಮಲೇಷ್ಯಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 2002ರಲ್ಲಿ ಅದರ ವರದಿ ಬಂತು. ಬೇಕಂತಲೇ ಕಡಿಮೆ ನಂಬರ್ ಕೊಟ್ಟ ಮಕ್ಕಳಿಗೇ ನಂಬರ್ ಜಾಸ್ತಿ ಏರಿತ್ತು. ಚಸ್ಮಾ ಹಾಕಿದ್ದಕ್ಕೆ ನಂಬರ್ ಏರುವುದಲ್ಲ. ಎಂಟು ವರ್ಷದ ಕಣ್ಣು ಬೆಳೆಯುವ ವಯಸ್ಸಿನಲ್ಲಿ ಇದೆ, ಅದಕ್ಕೇ ಏರುತ್ತದೆ. ಪೂರ್ತಿ ನಂಬರ್ ಹಾಕಿಸಿ. ಬೋರ್ಡ್ ಕಾಣದೆ ಕೂತ ಮಗು ಪಾಠದಲ್ಲೂ ಹಿಂದೆ ಬೀಳುತ್ತದೆ.

ಅಕ್ಕಾ, ಒಂದು ಪ್ರಶ್ನೆ. ಪರೀಕ್ಷೆ ಮಾಡುವ ಮೊದಲು ಕಣ್ಣಿಗೆ ಡ್ರಾಪ್ಸ್ ಹಾಕಿ ಸ್ವಲ್ಪ ಹೊತ್ತು ಕೂರಿಸಿದ್ದರಾ? ಮಕ್ಕಳ ಕಣ್ಣಿನ ಒಳಗಿನ ಸ್ನಾಯು ತುಂಬಾ ಚುರುಕು. ಅದು ಬಿಗಿಯಾದಾಗ ಇಲ್ಲದ ಮೈನಸ್ ತೋರಿಸಬಹುದು. ಡ್ರಾಪ್ಸ್ ಹಾಕಿ ಆ ಸ್ನಾಯು ಸಡಿಲವಾದ ಮೇಲೆ ಸಿಗುವ ನಂಬರೇ ನಿಜವಾದದ್ದು. ಬರೀ ಮಶೀನ್ ಮುಂದೆ ಗಲ್ಲ ಇಡಿಸಿ ಚೀಟಿ ಕೊಟ್ಟಿದ್ದರೆ ಇನ್ನೊಮ್ಮೆ ಸರಿಯಾಗಿ ತೋರಿಸಿ. ಮಗನನ್ನೂ ಕರೆದುಕೊಂಡು ಹೋಗಿ.

ಬಯಾಲಜಿ ಉಪನ್ಯಾಸಕ, ವಿಜಯಪುರ

"ಯಾರ ಕಡೆಯಿಂದ" ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇದು ಎಷ್ಟೋ ಮನೆಗಳಲ್ಲಿ ಸೊಸೆಯಂದಿರಿಗೆ ನೋವು ಕೊಡುತ್ತಿರುವ ಪ್ರಶ್ನೆ. ನನ್ನ ಕ್ಲಾಸಿನ ಹುಡುಗಿಯರೂ ಕೇಳುತ್ತಾರೆ.

ಸಾಮಾನ್ಯ ಮೈನಸ್ ನಂಬರಿಗೆ ಒಂದೇ ಜೀನ್ ಕಾರಣವಾಗಿದ್ದರೆ ಇಂಥವರ ಕಡೆಯಿಂದ ಬಂತು ಅಂತ ತೋರಿಸಬಹುದಿತ್ತು. ಹಾಗಿಲ್ಲ. 2010ರಲ್ಲಿ 15ನೇ ವರ್ಣತಂತುವಿನ ಮೇಲೆ ಇದಕ್ಕೆ ಸಂಬಂಧಪಟ್ಟ ಎರಡು ಜಾಗ ಸಿಕ್ಕವು. 2018ರಲ್ಲಿ 1,60,420 ಜನರನ್ನು ಸೇರಿಸಿ ನೋಡಿದಾಗ 161 ಜಾಗ ಕಂಡವು. 2020ರಲ್ಲಿ ಐದು ಲಕ್ಷಕ್ಕಿಂತ ಜಾಸ್ತಿ ಜನರನ್ನು ನೋಡಿದಾಗ ಅದು 449ಕ್ಕೆ ಏರಿತು. ಒಂದೊಂದರ ಪಾಲು ತೀರಾ ಸಣ್ಣದು. ಮಗುವಿಗೆ ಅರ್ಧ ನಿಮ್ಮಿಂದ, ಅರ್ಧ ನಿಮ್ಮ ಯಜಮಾನರಿಂದ. ಯಾವ ಅರ್ಧ ಹೋಗುತ್ತದೆ ಅನ್ನುವುದು ಪ್ರತಿ ಮಗುವಿಗೂ ಬೇರೆ. ಅದಕ್ಕೇ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಚಸ್ಮಾ ಇದ್ದು ಇನ್ನೊಬ್ಬರಿಗೆ ಇಲ್ಲದೆ ಇರುತ್ತದೆ. ತಾಯಿ ಕಡೆಯಿಂದ ಜಾಸ್ತಿ ಬರುತ್ತದೆ ಅನ್ನುವುದಕ್ಕೆ ಇಲ್ಲಿ ಆಧಾರವೇ ಇಲ್ಲ.

ವಂಶದ ಪಾಲು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ನಂಬರ್ ಒಂದಕ್ಕೊಂದು ತುಂಬಾ ಹತ್ತಿರ ಇರುತ್ತದೆ, ಬೇರೆ ಬೇರೆ ಅಂಡದ ಅವಳಿಗಳದ್ದು ಅಷ್ಟು ಹತ್ತಿರ ಇರುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು ಎರಡು ಪಟ್ಟು ಆಗುತ್ತದೆ. ಇಬ್ಬರಿಗೂ ಇದ್ದರೆ ಇನ್ನೂ ಜಾಸ್ತಿ. ಖಂಡಿತ ಬಂದೇ ಬರುತ್ತದೆ ಅಂತಲ್ಲ. ನಿಮ್ಮ ಮಗನ ಬಗ್ಗೆ ಇಷ್ಟೇ ಹೇಳಬಹುದು: ಅವನನ್ನು ಬೇರೆ ಮಕ್ಕಳಿಗಿಂತ ಸ್ವಲ್ಪ ಜಾಸ್ತಿ ಗಮನಿಸಬೇಕು.

ಖಣದ ಊರು, ಗುಳೇದಗುಡ್ಡ

ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಮ್ಮ ಮನೆಯ ಲೆಕ್ಕ ಕೂಡುವುದಿಲ್ಲ. ನಮ್ಮದು ನೇಕಾರರ ಮನೆ. ಅಜ್ಜ ಕೊನೆಯವರೆಗೂ ಮಗ್ಗದ ಮೇಲೆ ಕೂತವರು. ಅರವತ್ತೈದು ದಾಟಿದರೂ ಚಸ್ಮಾ ಇಲ್ಲದೆ ಹರಿದ ಎಳೆ ಹುಡುಕಿ ಕಟ್ಟುತ್ತಿದ್ದರು. ಓರಗೆಯವರಿಗೆಲ್ಲ ನಲವತ್ತಕ್ಕೇ ಚಾಳೀಸು ಬಂದಿತ್ತು, ಅಜ್ಜನಿಗೆ ಬರಲೇ ಇಲ್ಲ. ಅಷ್ಟು ಚಲೋ ಕಣ್ಣು. ಅಂಥವರ ಮೊಮ್ಮಕ್ಕಳಾದ ನಮಗೆ ಮೂವರಿಗೂ ಮೈನಸ್. ವಂಶದಿಂದ ಬರುವುದಾದರೆ ಆ ಚಲೋ ಕಣ್ಣು ಯಾಕೆ ಬರಲಿಲ್ಲ?

ಕಣ್ಣಿನ ಪರೀಕ್ಷಕಿ, ಬೆಳಗಾವಿ

ಅಣ್ಣಾ, ಅಜ್ಜ ದೂರದವರನ್ನು ಮುಖ ನೋಡಿ ಗುರುತಿಸುತ್ತಿದ್ದರಾ, ಧ್ವನಿ ಕೇಳಿ ಗುರುತಿಸುತ್ತಿದ್ದರಾ? ನೆನಪು ಮಾಡಿಕೊಳ್ಳಿ.

ಖಣದ ಊರು, ಗುಳೇದಗುಡ್ಡ

ಅಪ್ಪನನ್ನು ಕೇಳಿದೆ. ಓಣಿಯಲ್ಲಿ ಬರುವವರನ್ನು ನಡಿಗೆ ನೋಡಿ, ಇಲ್ಲವೇ ಮಾತಾಡಿಸಿದ ಮೇಲೆ ಗುರುತಿಸುತ್ತಿದ್ದರಂತೆ. ಬಸ್ಸಿನ ಬೋರ್ಡ್ ಓದಲು ಅಪ್ಪನನ್ನೇ ಕರೆಯುತ್ತಿದ್ದರಂತೆ. ಅಜ್ಜನಿಗೆ ಓದು ಬರದಿದ್ದಕ್ಕೆ ಹಾಗೆ ಅಂದುಕೊಂಡಿದ್ದರು. ಆದರೆ ಅಜ್ಜ ಪಂಚಾಂಗ ಓದುತ್ತಿದ್ದರು ಅನ್ನುವುದು ಅಪ್ಪನಿಗೆ ಈಗ ನೆನಪಾಯಿತು.

ಕಣ್ಣಿನ ಪರೀಕ್ಷಕಿ, ಬೆಳಗಾವಿ

ಹಾಗಿದ್ದರೆ ಅಜ್ಜನಿಗೂ ಮೈನಸ್ ನಂಬರ್ ಇದ್ದಿರುವ ಸಾಧ್ಯತೆ ತುಂಬಾ ಇದೆ. ಲೆಕ್ಕ ಸುಲಭ. ಮೈನಸ್ 1 ಇದ್ದವರಿಗೆ ಒಂದು ಮೀಟರಿನವರೆಗೆ ಸ್ಪಷ್ಟ, ಅದರಾಚೆ ಮಸುಕು. ಮೈನಸ್ 2 ಇದ್ದರೆ ಅರ್ಧ ಮೀಟರ್. ಮೈನಸ್ 3 ಇದ್ದರೆ ಸುಮಾರು 33 ಸೆಂಟಿಮೀಟರ್. ಕೈಯಲ್ಲಿ ಹಿಡಿದ ಎಳೆ, ಪಂಚಾಂಗ ಎಲ್ಲ ಅಷ್ಟೇ ದೂರದಲ್ಲಿ ಇರುತ್ತವೆ, ಅಲ್ವಾ? ನಲವತ್ತರ ಮೇಲೆ ಎಲ್ಲರ ಕಣ್ಣಿನ ಮಸೂರವೂ ಬಿರುಸಾಗುತ್ತದೆ. ಆದರೆ ಮೈನಸ್ ಇದ್ದವರು ಚಸ್ಮಾ ತೆಗೆದರೆ ಹತ್ತಿರದ್ದು ಕಾಣುತ್ತಲೇ ಇರುತ್ತದೆ. ವಯಸ್ಸಾದ ಮೇಲೆ ಮೋತಿಬಿಂದು (ಕಣ್ಣಿನ ಪೊರೆ) ಶುರುವಾದಾಗಲೂ ಕೆಲವರಿಗೆ ಸ್ವಲ್ಪ ಕಾಲ ಹೀಗೆ ಹತ್ತಿರದ್ದು ಚೆನ್ನಾಗಿ ಕಾಣುವುದುಂಟು. ಆದರೆ ನಿಮ್ಮ ಅಜ್ಜನಿಗೆ ನಲವತ್ತರಿಂದಲೂ ಹಾಗೆ ಇತ್ತು ಅಂದಿರಿ.

ಬಾಗಲಕೋಟೆಯ ಅಕ್ಕಾ, ಇದನ್ನು ನಿಮ್ಮ ಅತ್ತೆಯವರಿಗೂ ಹೇಳಿ. ಮನೆಯಲ್ಲಿ ಯಾರಿಗೂ ಚಸ್ಮಾ ಇರಲಿಲ್ಲ ಅಂದ ಮಾತ್ರಕ್ಕೆ ಯಾರಿಗೂ ನಂಬರ್ ಇರಲಿಲ್ಲ ಅಂತಲ್ಲ. ಆಗ ತೋರಿಸಿದವರು ಯಾರು? ಹೊಲದ ಕೆಲಸಕ್ಕೆ, ಮಗ್ಗಕ್ಕೆ ಮೈನಸ್ 2 ಅಡ್ಡಿಯೇ ಅಲ್ಲ. ಬೋರ್ಡ್ ನೋಡಬೇಕಾದ ಕಾಲ ಬಂದ ಮೇಲೆ ಅದು ಬೆಳಕಿಗೆ ಬಂತು.

ಕೋಚಿಂಗ್ ಮಾಸ್ತರ್, ವಿಜಯಪುರ

ನಮ್ಮ ಜಿಲ್ಲೆಯಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನದು. ನಾನು ಕಣ್ಣಾರೆ ನೋಡುತ್ತಿರುವುದನ್ನು ಹೇಳುತ್ತೇನೆ. ನಾಲ್ಕನೇ, ಐದನೇ ಕ್ಲಾಸಿನಲ್ಲೇ ಚಸ್ಮಾ ಹಾಕಿಕೊಂಡ ಮಕ್ಕಳು ಮೊದಲಿಗಿಂತ ಬಹಳ ಜಾಸ್ತಿ ಆಗಿದ್ದಾರೆ. ಸೈನಿಕ ಶಾಲೆಗೆ ಲಿಖಿತ ಪರೀಕ್ಷೆಯ ಜೊತೆ ವೈದ್ಯಕೀಯ ತಪಾಸಣೆಯೂ ಇದೆ, ಅದಕ್ಕೇ ಪಾಲಕರಿಗೆ ಹೆದರಿಕೆ. ಎಲ್ಲರೂ ಮೊಬೈಲ್ ಅನ್ನುತ್ತಾರೆ. ಉಪನ್ಯಾಸಕರು ಜೀನ್ ಅನ್ನುತ್ತಾರೆ. ಜೀನ್ ಆಗಿದ್ದರೆ ಹತ್ತಿಪ್ಪತ್ತು ವರ್ಷದಲ್ಲಿ ಇಷ್ಟು ಹೇಗೆ ಏರಿತು ಸರ್?

ಬಯಾಲಜಿ ಉಪನ್ಯಾಸಕ, ವಿಜಯಪುರ

ಮಾಸ್ತರ್, ವಿಷಯದ ತಿರುಳನ್ನೇ ಕೇಳಿದಿರಿ. ಒಂದು ತಲೆಮಾರಿನಲ್ಲಿ ಜೀನ್ ಬದಲಾಗುವುದಿಲ್ಲ. ಆದ್ದರಿಂದ ಈ ಏರಿಕೆಗೆ ಜೀನ್ ಕಾರಣ ಅಲ್ಲ.

ಅಲಾಸ್ಕಾದ ಉತ್ತರ ತುದಿಯಲ್ಲಿ ಆಗ ಬ್ಯಾರೋ ಅಂತ ಕರೆಯುತ್ತಿದ್ದ ಊರು. ಅಲ್ಲಿನ ಮೂಲನಿವಾಸಿ ಕುಟುಂಬಗಳ ಅಧ್ಯಯನ 1969ರಲ್ಲಿ ಬಂತು. ಹಿರಿಯರಲ್ಲಿ ಮೈನಸ್ ನಂಬರ್ ಹುಡುಕಿದರೂ ಸಿಗುವುದು ಕಷ್ಟ. ಶಾಲೆಗೆ ಹೋದ ಕಿರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇತ್ತು. ಅದೇ ಮನೆ, ಅದೇ ರಕ್ತ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2010ರಲ್ಲಿ ಸೇನೆಯ ತಪಾಸಣೆಗೆ ಬಂದ 19 ವರ್ಷದ ಯುವಕರಲ್ಲಿ ಶೇ. 96.5 ಜನರಿಗೆ ಮೈನಸ್ ಇತ್ತು. ಅವರು ಚಿಕ್ಕವರಿದ್ದಾಗ ಸ್ಮಾರ್ಟ್‌ಫೋನ್ ಇರಲಿಲ್ಲ. ತೈವಾನ್, ಸಿಂಗಪುರದ ಮಕ್ಕಳಿಗೂ 1990ರ ದಶಕದಲ್ಲೇ ಇದು ದೊಡ್ಡ ಸಮಸ್ಯೆ ಆಗಿತ್ತು. ಹಾಗಾಗಿ ಮೊಬೈಲ್ ಕಿತ್ತುಕೊಂಡು ಕೈಯಲ್ಲಿ ಗೈಡ್ ಕೊಟ್ಟು ಅದೇ ಕೋಣೆಯಲ್ಲಿ ಕೂರಿಸಿದರೆ ಕಣ್ಣಿಗೆ ಲಾಭವಿಲ್ಲ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಅಧ್ಯಯನ ಇದು. ಸಿಡ್ನಿ ಮತ್ತು ಸಿಂಗಪುರ, ಎರಡೂ ಕಡೆ ಚೀನೀ ಮೂಲದ 6–7 ವರ್ಷದ ಮಕ್ಕಳನ್ನು ಹೋಲಿಸಿದರು. 2008ರಲ್ಲಿ ಪ್ರಕಟವಾಯಿತು. ಮೂಲ ಒಂದೇ. ತಂದೆ ತಾಯಿಯರ ಚಸ್ಮಾ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಸಿಂಗಪುರದಲ್ಲಿ ಶೇ. 29.1 ಮಕ್ಕಳಿಗೆ ಮೈನಸ್, ಸಿಡ್ನಿಯಲ್ಲಿ ಶೇ. 3.3. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ತಾಸು ಹೊರಗೆ ಇರುತ್ತಿದ್ದರು, ಸಿಂಗಪುರದವರು 3 ತಾಸು.

ಹಾಗಾದರೆ ಜೀನ್‌ಗೆ ಬೆಲೆಯೇ ಇಲ್ಲವೇ? ಇದೆ. ಯುರೋಪಿನ ಒಂದು ಲೆಕ್ಕ 2013ರಲ್ಲಿ ಬಂತು. ಜೀನ್ ಅಪಾಯ ಕಡಿಮೆ ಇದ್ದು ಪ್ರಾಥಮಿಕ ಶಾಲೆ ಮಾತ್ರ ಓದಿದವರನ್ನು ಅಳತೆಗೋಲು ಮಾಡಿಕೊಂಡರು. ಅವರಿಗೆ ಹೋಲಿಸಿದರೆ, ಅಪಾಯ ಕಡಿಮೆ ಇದ್ದು ವಿಶ್ವವಿದ್ಯಾಲಯದವರೆಗೆ ಓದಿದವರಿಗೆ ಮೈನಸ್ ಬರುವ ಸಂಭವ ಸುಮಾರು 3 ಪಟ್ಟು. ಅಪಾಯ ಜಾಸ್ತಿ ಇದ್ದು ಪ್ರಾಥಮಿಕ ಮಾತ್ರ ಓದಿದವರಿಗೆ 7 ಪಟ್ಟು. ಎರಡೂ ಸೇರಿದರೆ 51 ಪಟ್ಟು! ಅಂದರೆ ವಂಶದ ಒಲವು ಮತ್ತು ಬದುಕುವ ರೀತಿ ಒಂದಕ್ಕೊಂದು ಬಲ ಕೊಡುತ್ತವೆ. ಗಮನಿಸಿ, ಈಗ ಸಿಕ್ಕಿರುವ ಜೀನ್‌ಗಳಲ್ಲಿ ಎಷ್ಟೋ ರೆಟಿನಾದಲ್ಲಿ ಕೆಲಸ ಮಾಡುವಂಥವು, ಬೆಳಕಿಗೆ ಸ್ಪಂದಿಸುವಂಥವು. ರೆಟಿನಾದ ಸಂಕೇತವೇ ಕಣ್ಣಿನ ಹೊರಪದರಕ್ಕೆ ಬೆಳೆ ಅಥವಾ ನಿಲ್ಲು ಅಂತ ತಿಳಿಸುತ್ತದೆ. ಹಾಗಾಗಿ ಜೀನ್ ಒಂದು ಕಡೆ, ಬೆಳಕು ಇನ್ನೊಂದು ಕಡೆ ಅಂತ ಬೇರೆ ಮಾಡಿ ನೋಡಲು ಬರುವುದಿಲ್ಲ.

ಕೋಚಿಂಗ್ ಮಾಸ್ತರ್, ವಿಜಯಪುರ

51 ಪಟ್ಟು ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಮಕ್ಕಳು ಶಾಲೆ ಮುಗಿಸಿ ನೇರ ನಮ್ಮಲ್ಲಿಗೆ ಬರುತ್ತಾರೆ, ಕತ್ತಲಾದ ಮೇಲೆ ಮನೆಗೆ ಹೋಗುತ್ತಾರೆ. ಇಲ್ಲಿಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ಇರುವಾಗ ಮಕ್ಕಳನ್ನು ಹೊರಗೆ ಬಿಡುವುದು ಹೇಗೆ? ಆಟ ಆಡಿಸಲೇಬೇಕಾ, ಹೊರಗೆ ಕೂತರೂ ನಡೆಯುತ್ತದೆಯೇ?

ಕಣ್ಣಿನ ಪರೀಕ್ಷಕಿ, ಬೆಳಗಾವಿ

ಸರ್, ಬಿಸಿಲಿನಲ್ಲೇ ನಿಲ್ಲಿಸಬೇಕಿಲ್ಲ. ಬೆಳಕು ಸಾಕು. ಕ್ಲಾಸ್ ರೂಮಿನಲ್ಲಿ ಸಾಮಾನ್ಯವಾಗಿ 300–500 ಲಕ್ಸ್ ಬೆಳಕು ಇರುತ್ತದೆ (ಲಕ್ಸ್ ಅಂದರೆ ಬೆಳಕಿನ ಅಳತೆ). ನಡು ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್. ಹಗಲು ಹೊತ್ತಿನಲ್ಲಿ ಬೇವಿನ ಮರದ ನೆರಳಲ್ಲೂ ಕೆಲವು ಸಾವಿರ ಸಿಗುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಒಳಗೆ ಎಷ್ಟು ಕಡಿಮೆ ಇದೆ ಅಂತ ಗೊತ್ತಾಗುವುದಿಲ್ಲ. ಒಳಾಂಗಣದಲ್ಲಿ ಆಡಿದ ಆಟದಿಂದ ಸಿಡ್ನಿಯ ಮಕ್ಕಳಿಗೆ ಈ ಲಾಭ ಕಾಣಲಿಲ್ಲ. ಹೊರಗೆ ಇದ್ದದ್ದೇ ಮುಖ್ಯ ಆಯಿತು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರ ಮೇಲೆ. ಊಟದ ಬಿಡುವು ನೆರಳಲ್ಲಿ. ಸೂರ್ಯನನ್ನು ನೇರ ನೋಡಬಾರದು, ಅಷ್ಟೇ.

ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಹೊರಗಿನ ಒಂದು ಪಿರಿಯಡ್ ಜಾಸ್ತಿ ಮಾಡಿದರು. ಮೂರು ವರ್ಷ ಆದ ಮೇಲೆ ಆ ಶಾಲೆಗಳಲ್ಲಿ ಶೇ. 30.4 ಮಕ್ಕಳಿಗೆ ಹೊಸದಾಗಿ ಮೈನಸ್ ಬಂದಿತ್ತು, ಮಾಮೂಲಿ ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಿಂದ ದಿನಕ್ಕೆ ಎರಡು ತಾಸು ಹೊರಗೆ ಅನ್ನುವ ಗುರಿ ಇಟ್ಟುಕೊಂಡಿತು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಲೆಕ್ಕ ಅಲ್ಲಿ ಮೊದಲ ಸಲ ಇಳಿಯಿತು. ದೆಹಲಿಯಲ್ಲಿ 5ರಿಂದ 15 ವರ್ಷದ ಶಾಲಾ ಮಕ್ಕಳನ್ನು ನೋಡಿದ ಅಧ್ಯಯನ 2015ರಲ್ಲಿ ಬಂದಿದೆ. ಶೇ. 13.1 ಮಕ್ಕಳಿಗೆ ಮೈನಸ್ ಇತ್ತು. ಅಲ್ಲೂ ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ಹೊರಗೆ ಇದ್ದವರಿಗೆ ಕಡಿಮೆ.

ಒಂದು ಮಾತು ನೆನಪಿರಲಿ. ಮೈನಸ್ ಬರುವುದನ್ನು ತಡೆಯುವುದರಲ್ಲಿ ಹೊರಗಿನ ಬೆಳಕು ಗಟ್ಟಿ. ಬಂದ ಮೇಲೆ ಏರುವುದನ್ನು ನಿಲ್ಲಿಸುವುದರಲ್ಲಿ ಅಷ್ಟು ಇಲ್ಲ. ಅದಕ್ಕೇ ಸಣ್ಣವರನ್ನು ಈಗಲೇ ಹೊರಗೆ ಬಿಡಿ ಅನ್ನುತ್ತಿರುವುದು. ನಮ್ಮ ಬೆಳಗಾವಿಯಲ್ಲಿ ಮಳೆಗಾಲ ಪೂರ್ತಿ ಮಕ್ಕಳು ಒಳಗೇ ಇರುತ್ತಾರೆ. ಮಳೆ ಬಿಟ್ಟ ಹೊತ್ತು ನೋಡಿ ಅವರನ್ನು ಹೊರಗೆ ಕಳಿಸಿ ಅಂತ ನಾನು ಬಂದ ಪ್ರತಿ ತಾಯಿಗೂ ಹೇಳುತ್ತೇನೆ.

ಮಲಪ್ರಭೆಯ ಮಗಳು, ಖಾನಾಪುರ

ನನ್ನದೂ ಒಂದು ಪ್ರಶ್ನೆ. ನನಗೆ ಮೈನಸ್ 8. ಮದುವೆಯ ಮಾತುಕತೆ ನಡೆಯುತ್ತಿದೆ. ಎರಡು ಕಡೆಯವರು ಚಸ್ಮಾ ನೋಡಿ "ಮಕ್ಕಳಿಗೂ ಬರುತ್ತದೆ" ಅಂತ ಬೇಡ ಅಂದರು. ಲೇಸರ್ ಮಾಡಿಸಿದರೆ ಎಲ್ಲ ಸರಿ ಹೋಗುತ್ತದೆ ಅಂತ ಅವ್ವ ಹೇಳುತ್ತಿದ್ದಾಳೆ. ಮಾಡಿಸಿದರೆ ಮಕ್ಕಳಿಗೆ ಬರುವುದು ತಪ್ಪುತ್ತದೆಯೇ?

ಬಯಾಲಜಿ ಉಪನ್ಯಾಸಕ, ವಿಜಯಪುರ

ತಂಗಿ, ಲೇಸರ್ ಕಣ್ಣಿನ ಮುಂಭಾಗದ ಕಾರ್ನಿಯಾದ ಆಕಾರ ಬದಲಿಸುತ್ತದೆ. ಚಸ್ಮಾ ಹೋಗುತ್ತದೆ. ಜೀನ್ ಇದ್ದ ಹಾಗೇ ಇರುತ್ತದೆ. ನಿಮಗೆ ಚಸ್ಮಾ ಬೇಡ ಅನ್ನಿಸಿದರೆ, ಡಾಕ್ಟರು ಕಾರ್ನಿಯಾ ನೋಡಿ ಆಗುತ್ತದೆ ಅಂದರೆ, ನಿಮಗೋಸ್ಕರ ಮಾಡಿಸಿಕೊಳ್ಳಿ. ವರನ ಕಡೆಯವರಿಗೋಸ್ಕರ ಬೇಡ.

ಅವರ ಲೆಕ್ಕವೂ ತಪ್ಪು. ಸಿಟಿಯಲ್ಲಿ ಓದಿ ಬೆಳೆದ, ದೊಡ್ಡ ಡಿಗ್ರಿ ಮಾಡಿದ ಹುಡುಗ ಬೇಕು, ಹುಡುಗಿಗೆ ಮಾತ್ರ ಚಸ್ಮಾ ಇರಬಾರದು ಅಂದರೆ ಹೇಗೆ? 2018ರಲ್ಲಿ ಬ್ರಿಟನ್ನಿನ ಸುಮಾರು 68 ಸಾವಿರ ಜನರ ಜೀನ್ ಲೆಕ್ಕ ಹಿಡಿದು ನೋಡಿದರು. ಒಂದು ವರ್ಷ ಜಾಸ್ತಿ ಓದಿದರೆ ಸರಾಸರಿ 0.27 ಮೈನಸ್ ಕಡೆಗೆ ಸರಿಯುತ್ತದೆ ಅಂತ ಗೊತ್ತಾಯಿತು. ಓದುವುದೇ ಕಣ್ಣಿನ ಮೇಲೆ ಪರಿಣಾಮ ಮಾಡುತ್ತದೆ. ಅದಕ್ಕೆ ಯಾರೂ ಮಕ್ಕಳ ಓದು ಬಿಡಿಸುವುದಿಲ್ಲ. ಹಾಗಿರುವಾಗ ಒಂದು ಹುಡುಗಿಯ ಚಸ್ಮಾ ನೋಡಿ ಸಂಬಂಧ ಬಿಡುವುದು ನ್ಯಾಯ ಅಲ್ಲ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕಣ್ಣಿನ ಪರೀಕ್ಷಕಿ, ಬೆಳಗಾವಿ

ತಂಗಿ, ಮದುವೆಗಿಂತ ಮೊದಲು ಇದನ್ನು ಕೇಳು. ಮೈನಸ್ 6 ದಾಟಿದವರ ಕಣ್ಣು ಉದ್ದವಾಗಿ ರೆಟಿನಾ ಎಳೆದು ತೆಳುವಾಗಿರುತ್ತದೆ. ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸು. ಕಣ್ಣಿನ ಒತ್ತಡವನ್ನೂ ನೋಡಿಸು. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಡೆದ ಹಾಗೆ ಕಂಡರೆ, ಒಂದು ಬದಿಯಿಂದ ಪರದೆ ಬಿದ್ದಂತೆ ಆದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನಬಾರದು. ಲೇಸರ್ ಆದ ಮೇಲೂ ಇದು ತಪ್ಪುವುದಿಲ್ಲ. ಚಸ್ಮಾ ಹೋದರೂ ಕಣ್ಣಿನ ಉದ್ದ ಹಾಗೇ ಇರುತ್ತದೆ.

ನಿಂಬೆ ತೋಟ, ಇಂಡಿ

ನಮ್ಮ ಕಡೆ ಸೋದರಮಾವನ ಜೊತೆ ಮದುವೆ ಈಗಲೂ ಇದೆ. ನಮ್ಮ ಅಕ್ಕನದೂ ಹಾಗೇ. ಮಗುವಿಗೆ ಮೂರು ವರ್ಷಕ್ಕೇ ಮೈನಸ್ 9 ಅಂದಿದ್ದಾರೆ. ಸಂಜೆ ಆದರೆ ಅಮ್ಮನ ಸೆರಗು ಬಿಡುವುದಿಲ್ಲ, ಎಡವುತ್ತದೆ. ಸಂಬಂಧದಲ್ಲಿ ಮದುವೆ ಆದದ್ದಕ್ಕೇ ಹೀಗಾಯಿತಾ?

ಬಯಾಲಜಿ ಉಪನ್ಯಾಸಕ, ವಿಜಯಪುರ

ಇಲ್ಲಿಯವರೆಗೆ ನಾವು ಮಾತಾಡಿದ್ದು ಶಾಲೆಯ ವಯಸ್ಸಿನಲ್ಲಿ ಬರುವ ಸಾಮಾನ್ಯ ಮೈನಸ್. ನೀವು ಹೇಳುತ್ತಿರುವುದು ಬೇರೆ ಇರಬಹುದು. ಶಾಲೆಗೆ ಸೇರುವ ಮೊದಲೇ ಇಷ್ಟು ದೊಡ್ಡ ನಂಬರ್ ಬಂದರೆ, ಅದರ ಹಿಂದೆ ಒಂದೇ ಜೀನ್‌ನ ದೋಷ ಇರುವ ಸಂಭವ ಇದೆ. ರಾತ್ರಿ ಕಣ್ಣು ಕಾಣದ ಕೆಲವು ರೋಗಗಳಲ್ಲಿ ಮೈನಸ್ ಜೊತೆಗೇ ಬರುತ್ತದೆ. ಮಾರ್ಫಾನ್, ಸ್ಟಿಕ್ಲರ್ ಅನ್ನುವ ಕಾಯಿಲೆಗಳಲ್ಲೂ ಬರುತ್ತದೆ. ಅವುಗಳಲ್ಲಿ ಹೃದಯ, ಕೀಲು, ಕಿವಿಯನ್ನೂ ನೋಡಬೇಕಾಗುತ್ತದೆ.

ಮದುವೆಯ ವಿಷಯ. ತಂದೆ ತಾಯಿ ಇಬ್ಬರಿಂದಲೂ ಅದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ರೋಗಗಳಿವೆ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ, ಒಂದು ಜೀನ್‌ನ ಎರಡೂ ಪ್ರತಿಗಳು ಒಂದೇ ಹಿರಿಯರಿಂದ ಬರುವ ಸಂಭವ ಎಂಟರಲ್ಲಿ ಒಂದು. ಅತ್ತೆ ಮಗಳು, ಮಾವನ ಮಗಳ ಜೊತೆ ಆದರೆ ಹದಿನಾರರಲ್ಲಿ ಒಂದು. ಆದ್ದರಿಂದ ಅಪಾಯ ಏರುವುದು ನಿಜ. ಹಾಗಂತ ಈ ಮಗುವಿಗೆ ಅದರಿಂದಲೇ ಆಯಿತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಅಕ್ಕನನ್ನು ದೂರಬೇಡಿ. ಮಕ್ಕಳ ಕಣ್ಣಿನ ತಜ್ಞರು ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಸಂಜೆ ಎಡವುವುದನ್ನು ಮರೆಯದೆ ಹೇಳಿ. ಅವರು ಜೀನ್ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ, ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮುಂದಿನ ಮಗುವಿನ ಯೋಚನೆ ಇದ್ದರೆ ಅದಕ್ಕೂ ಮೊದಲೇ.

ಸಾಮಾನ್ಯ ಮೈನಸ್ಸಿಗೆ ಮಾತ್ರ ಇಂಥ ಪರೀಕ್ಷೆಗೆ ದುಡ್ಡು ಹಾಕಬೇಡಿ. 449 ಜಾಗಗಳನ್ನು ಕಂಡುಹಿಡಿದದ್ದು ಯುರೋಪ್ ಮೂಲದ ಜನರಲ್ಲಿ. ಅದರಿಂದ ನಮ್ಮ ಮಗುವಿನ ಭವಿಷ್ಯ ಹೇಳಲು ಬರುವುದಿಲ್ಲ.

ಘಟಪ್ರಭಾ, ಬಾಗಲಕೋಟೆ

ಎಲ್ಲರಿಗೂ ತುಂಬಾ ಧನ್ಯವಾದ. ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ನೋಡಿದರು. ಮಗಳಿಗೆ ಮೈನಸ್ 1. ಮಗನಿಗೆ ಪ್ಲಸ್ 0.5, ಚಸ್ಮಾ ಬೇಡ ಅಂದರು. ನನಗೆ ನಿರಾಳ ಆಯಿತು. ಗುಳೇದಗುಡ್ಡದ ಅಜ್ಜನ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ಅವರ ಮಾವನೂ ಹೊಲದ ಆಚೆ ಬದುವಿನ ಮೇಲೆ ನಿಂತವರು ಯಾರು ಅಂತ ಕೇಳುತ್ತಿದ್ದರಂತೆ! ಅದಾದ ಮೇಲೆ ತವರಿನ ಮಾತು ತೆಗೆದಿಲ್ಲ. ಮಗಳಿಗೆ ನಂಬರ್ ಏರದ ಹಾಗೆ ಡ್ರಾಪ್ಸ್ ಇದೆಯಂತೆ, ನಿಜವಾ?

ಕಣ್ಣಿನ ಪರೀಕ್ಷಕಿ, ಬೆಳಗಾವಿ

ಇದೆ ಅಕ್ಕಾ. ಅಟ್ರೋಪಿನ್ ಅಂತ, ತೀರಾ ಕಡಿಮೆ ಪ್ರಮಾಣದ್ದು. ರಾತ್ರಿ ಮಲಗುವಾಗ ಹಾಕುವುದು. ಏರುವ ವೇಗ ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಅದೇ ಕೆಲಸಕ್ಕೆ ಬೇರೆ ಥರದ ಚಸ್ಮಾ ಗಾಜುಗಳೂ ಬಂದಿವೆ, ಬೆಲೆ ಜಾಸ್ತಿ. ಯಾವುದು ಬೇಕು, ಬೇಕೋ ಬೇಡವೋ ಅನ್ನುವುದನ್ನು ಕಣ್ಣಿನ ಡಾಕ್ಟರೇ ಹೇಳಬೇಕು. ಅಂಗಡಿಯಿಂದ ನೀವೇ ತಂದು ಹಾಕಬೇಡಿ. ಎಂಟು ವರ್ಷಕ್ಕೇ ಶುರುವಾಗಿದೆ, ಬೆಳೆಯುವ ವರ್ಷಗಳು ಇನ್ನೂ ಬಹಳ ಇವೆ. ಹಾಗಾಗಿ ಕೇಳುವುದು ಒಳ್ಳೆಯದು. ಆರು ತಿಂಗಳಿಗೊಮ್ಮೆ ನಂಬರ್ ಜೊತೆ ಕಣ್ಣಿನ ಉದ್ದವನ್ನೂ ಅಳೆಸಿ, ಎರಡನ್ನೂ ಒಂದು ವಹಿಯಲ್ಲಿ ಬರೆದಿಡಿ.

ಮಗನ ಪ್ಲಸ್ 0.5 ನೋಡಿ ಪೂರ್ತಿ ನಿರಾಳ ಆಗಬೇಡಿ. ಆರು ವರ್ಷಕ್ಕೆ ಕಣ್ಣು ಪೂರ್ತಿ ಉದ್ದ ಬೆಳೆದಿರುವುದಿಲ್ಲ, ಅದಕ್ಕೇ ಇನ್ನೂ ಸ್ವಲ್ಪ ಜಾಸ್ತಿ ಪ್ಲಸ್ ಉಳಿದಿರಬೇಕು. 0.75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಮೈನಸ್ ಬರುವ ಸಂಭವ ಜಾಸ್ತಿ. ತಂದೆ ತಾಯಿಯ ಚಸ್ಮಾಗಿಂತ ಈ ಸಂಖ್ಯೆಯೇ ಚೆನ್ನಾಗಿ ಮುನ್ಸೂಚನೆ ಕೊಡುತ್ತದೆ. ದಿನಾ ಎರಡು ತಾಸು ಹೊರಗಿನ ಬೆಳಕು ಅವನಿಗೆ ಈಗಲೇ ಬೇಕು. ಆರು ತಿಂಗಳ ನಂತರ ಅಕ್ಕನ ಜೊತೆ ಅವನನ್ನೂ ತೋರಿಸಿ.